ರೈನ್ ಕಣಿವೆಯಲ್ಲಿ ಕಾರಿನ ಸಮೇತ ನದಿ ದಾಟಲು ಯಾವ ಫೆರಿ ಹತ್ತಬೇಕು?

ಜರ್ಮನಿಯ ಕೋಬ್ಲೆನ್ಜ್ ಊರಿನ ಕೊನೆಯ ಸೇತುವೆ ಬಿಟ್ಟು ರೈನ್ ನದಿಯ ಗುಂಟ ದಕ್ಷಿಣಕ್ಕೆ ಹೊರಟರೆ, ಮುಂದಿನ ಸೇತುವೆ ಸಿಗುವುದು ವೀಸ್‌ಬಾಡನ್ ಹತ್ತಿರ. ನಡುವೆ 80 ಕಿಲೋಮೀಟರಿಗೂ ಜಾಸ್ತಿ ನದಿ. ಅಷ್ಟರಲ್ಲಿ ಒಂದೂ ಸೇತುವೆ ಇಲ್ಲ. ಎರಡೂ ದಂಡೆಯಲ್ಲಿ ರಸ್ತೆ ಇದೆ, ಎರಡೂ ಕಡೆ ರೈಲು ಓಡುತ್ತದೆ, ಸಾಲು ಗುಡ್ಡಗಳ ಮೇಲೆ ಕೋಟೆಗಳಿವೆ. ಆದರೆ ಎದುರು ದಂಡೆಯಲ್ಲಿ ಕಣ್ಣಿಗೆ ಕಾಣುವ ಊರಿಗೆ ಹೋಗಬೇಕೆಂದರೆ ಕಾರನ್ನು ಫೆರಿಗೆ ಹತ್ತಿಸಬೇಕು.

ಹಿಂದೆ ರೂಡೆಸ್‌ಹೈಮ್ ಬಳಿ ಒಂದು ರೈಲು ಸೇತುವೆ ಇತ್ತು. 1945ರಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ ಅದು ಹೋಯಿತು. ಮತ್ತೆ ಕಟ್ಟಲಿಲ್ಲ. ಕಣಿವೆಯ ನಡುವೆ ಸಾಂಕ್ಟ್ ಗೋಆರ್ ಹತ್ತಿರ ರಸ್ತೆ ಸೇತುವೆ ಬೇಕು ಎಂಬ ಮಾತು ದಶಕಗಳಿಂದ ನಡೆದಿದೆ. ಈ ಮಧ್ಯೆ 2002ರಲ್ಲಿ ಕೋಬ್ಲೆನ್ಜ್‌ನಿಂದ ಬಿಂಗೆನ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 2009ರಲ್ಲಿ ಅದೇ ಜರ್ಮನಿಯ ಡ್ರೆಸ್ಡೆನ್ ಊರಿನ ಎಲ್ಬೆ ಕಣಿವೆ, ಹೊಸ ಸೇತುವೆಯೊಂದರ ಕಾರಣಕ್ಕೇ ಆ ಪಟ್ಟಿಯಿಂದ ಹೊರಬಿತ್ತು. ಅದನ್ನು ನೋಡಿದ ಮೇಲೆ ರೈನ್‌ನಲ್ಲಿ ಸೇತುವೆಯ ಮಾತು ಎತ್ತುವವರು ಹುಷಾರಾಗಿದ್ದಾರೆ. ಅಲ್ಲೇ ಬದುಕುವವರಿಗೆ, ದಿನಾ ಆಚೆ ದಂಡೆಗೆ ಕೆಲಸಕ್ಕೆ ಹೋಗುವವರಿಗೆ ಇದು ನಿಜವಾದ ತಾಪತ್ರಯ. ನಮ್ಮಂಥ ಪ್ರವಾಸಿಗಳಿಗೆ ಮಾತ್ರ ಅದೇ ಒಂದು ಸೊಗಸು.

ಈ ಸೇತುವೆಯಿಲ್ಲದ ಭಾಗದಲ್ಲಿ ಕಾರು ಹತ್ತಿಸಬಹುದಾದ ಫೆರಿ ಆರು ಕಡೆ ಇದೆ. ದಕ್ಷಿಣದಿಂದ ಉತ್ತರಕ್ಕೆ ಬಂದರೆ ಇಂಗಲ್‌ಹೈಮ್–ಮಿಟ್ಟಲ್‌ಹೈಮ್, ಬಿಂಗೆನ್–ರೂಡೆಸ್‌ಹೈಮ್, ನೀಡರ್‌ಹೈಂಬಾಖ್–ಲೋರ್ಶ್, ಕೌಬ್, ಸಾಂಕ್ಟ್ ಗೋಆರ್–ಸಾಂಕ್ಟ್ ಗೋಆರ್ಸ್‌ಹೌಸನ್, ಕೊನೆಗೆ ಬೊಪ್ಪಾರ್ಡ್–ಫಿಲ್ಸೆನ್. ದಾಟುವ ಕೆಲಸ ಎಲ್ಲ ಕಡೆಯೂ ಒಂದೇ ಥರ. ಕೆಲವೇ ನಿಮಿಷ, ಕೆಲವೇ ಯೂರೋ. ಹಾಗಾಗಿ ಯಾವ ಫೆರಿ ಚೆನ್ನಾಗಿದೆ ಎಂದು ಕೇಳುವ ಮೊದಲು ಬೇರೊಂದು ಪ್ರಶ್ನೆ ಕೇಳಿಕೊಳ್ಳಿ. ದಾಟುವ ಮುಂಚೆ ಯಾವ ದಂಡೆಯಲ್ಲಿ ಎಲ್ಲಿಯವರೆಗೆ ಓಡಿಸುತ್ತೀರಿ? ದಾಟಿದ ಮೇಲೆ ಯಾವ ಕಡೆ ತಿರುಗುತ್ತೀರಿ? ಉತ್ತರ ಸಿಕ್ಕರೆ ಫೆರಿ ತಾನಾಗಿಯೇ ನಿರ್ಧಾರವಾಗುತ್ತದೆ.

ಮೊದಲು ರಸ್ತೆ, ಆಮೇಲೆ ಫೆರಿ

ಎಡದಂಡೆಯ ರಸ್ತೆ ಬಿ9, ಬಲದಂಡೆಯದು ಬಿ42. ನದಿ ಹರಿಯುವ ಕಡೆಗೆ, ಅಂದರೆ ಇಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಬರುವುದು ಪಶ್ಚಿಮದ ದಂಡೆ. ಬಿಂಗೆನ್, ಬಾಖರಾಖ್, ಸಾಂಕ್ಟ್ ಗೋಆರ್, ಬೊಪ್ಪಾರ್ಡ್ ಎಲ್ಲ ಎಡಕ್ಕೆ. ರೂಡೆಸ್‌ಹೈಮ್, ಲೋರ್ಶ್, ಕೌಬ್, ಫಿಲ್ಸೆನ್ ಬಲಕ್ಕೆ.

ಜರ್ಮನಿಯಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಇದೊಂದು ವಿಷಯ ನಿಮ್ಮ ಇಡೀ ದಿನವನ್ನು ಬದಲಿಸುತ್ತದೆ. ಬಿ9ರಲ್ಲಿ ಉತ್ತರಕ್ಕೆ ಹೋಗಿ, ಫೆರಿಯಲ್ಲಿ ದಾಟಿ, ಬಿ42ರಲ್ಲಿ ದಕ್ಷಿಣಕ್ಕೆ ಬಂದರೆ ಎರಡೂ ಕಡೆ ನಿಮ್ಮ ಲೇನ್ ನದಿಯ ಪಕ್ಕದ್ದೇ ಆಗಿರುತ್ತದೆ. ಕೋಟೆಯೊಂದು ಕಂಡಾಗ ನದಿ ಬದಿಯ ಜಾಗಕ್ಕೆ ಸಲೀಸಾಗಿ ನುಗ್ಗಿಸಿ ನಿಲ್ಲಿಸಬಹುದು. ಎದುರಿನ ಗಾಡಿಗಳನ್ನು ಕಾದು ಎಡಕ್ಕೆ ತಿರುಗುವ ರಗಳೆ ಇಲ್ಲ. ಪಕ್ಕದ ಸೀಟಿನಲ್ಲಿ ಕೂತವರಿಗೂ ದಿನವಿಡೀ ನೀರೇ ಕಾಣುತ್ತದೆ. ಉಲ್ಟಾ ಸುತ್ತಿದರೆ ಅವರಿಗೆ ಕಾಣುವುದು ಬಂಡೆ ಮತ್ತು ರೈಲು ಹಳಿ.

ಇನ್ನು ಬಿಸಿಲು. ಬೆಳಗಿನ ಬಿಸಿಲು ಎಡದಂಡೆಯ ಗುಡ್ಡಗಳ ಮೇಲೆ ಬೀಳುತ್ತದೆ. ಅದನ್ನು ನೋಡಬೇಕಾದ್ದು ಬಲದಂಡೆಯಿಂದ. ಮಧ್ಯಾಹ್ನದ ಮೇಲೆ ಬಲದಂಡೆಯ ಕೋಟೆಗಳು ಬೆಳಗುತ್ತವೆ, ಅವು ಎಡದಂಡೆಯಿಂದ ಚೆನ್ನ. ಹೀಗಾಗಿ ಕೋಬ್ಲೆನ್ಜ್ ಕಡೆಯಿಂದ ಬರುವವರು ಅದೃಷ್ಟವಂತರು. ಬೆಳಿಗ್ಗೆ ಬಿ42ರಲ್ಲಿ ಕೆಳಗಿಳಿದು, ದಕ್ಷಿಣದ ಯಾವುದಾದರೂ ಫೆರಿಯಲ್ಲಿ ದಾಟಿ, ಮಧ್ಯಾಹ್ನ ಬಿ9ರಲ್ಲಿ ವಾಪಸ್ ಬಂದರೆ ಲೇನೂ ಸರಿ, ಬೆಳಕೂ ಸರಿ. ಫ್ರಾಂಕ್‌ಫರ್ಟ್ ಕಡೆಯಿಂದ ಬರುವವರು ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಫೋಟೊ ಹುಚ್ಚು ಇಲ್ಲದಿದ್ದರೆ ಬೆಳಕನ್ನು ಬಿಡಿ, ಲೇನ್ ಬಿಡಬೇಡಿ.

ಬಿಂಗೆನ್–ರೂಡೆಸ್‌ಹೈಮ್: ಕೆಲಸಕ್ಕೆ ಬರುವ ಫೆರಿ

ಕಣಿವೆಯ ದಕ್ಷಿಣದ ಬಾಗಿಲು ಇದು. ಆರರಲ್ಲಿ ಹೆಚ್ಚು ಓಡಾಟ ಇರುವ ಫೆರಿಯೂ ಇದೇ. ರಾತ್ರಿ ತಡವಾಗಿ ಸಿಗುವುದೂ ಇಲ್ಲೇ. ದೊಡ್ಡ ಗಾಡಿ, ಕ್ಯಾರವಾನ್, ಕ್ಯಾಂಪರ್ ವ್ಯಾನ್ ಇದ್ದವರು ಬೇರೆ ಯೋಚನೆಯೇ ಮಾಡದೆ ಇಲ್ಲಿಗೆ ಬರಬಹುದು. ಎ61 ಹೆದ್ದಾರಿಯೂ ಬಿಂಗೆನ್ ಬಳಿಯೇ ಹಾದುಹೋಗುತ್ತದೆ.

ನೋಟ ಹೇಗೆ? ಚೆನ್ನಾಗಿದೆ. ಆದರೆ ಇಲ್ಲಿ ನದಿ ಅಗಲ, ಗುಡ್ಡಗಳು ಇನ್ನೂ ಹತ್ತಿರ ಬಂದಿಲ್ಲ. ರೂಡೆಸ್‌ಹೈಮ್ ಮೇಲಿನ ದ್ರಾಕ್ಷಿ ತೋಟ, ಅದರ ನೆತ್ತಿಯಲ್ಲಿ 1883ರಲ್ಲಿ ಅನಾವರಣಗೊಂಡ ನೀಡರ್‌ವಾಲ್ಡ್ ಸ್ಮಾರಕ ಕಾಣುತ್ತದೆ. ಅಲ್ಲಿಗೆ ಕೇಬಲ್ ಕಾರ್ ಇದೆ. ನದಿ ನಡುವಿನ ಪುಟ್ಟ ದ್ವೀಪದ ಮೌಸ್ ಟವರ್ ಇರುವುದು ಕಣಿವೆ ಕಿರಿದಾಗುವ ತಿರುವಿನಲ್ಲಿ. ಅಲ್ಲಿಂದ ಮುಂದೆಯೇ ನಿಜವಾದ ಆಟ ಶುರು. ರೂಡೆಸ್‌ಹೈಮ್ ಊರು ಬೇಸಿಗೆಯ ವಾರಾಂತ್ಯದಲ್ಲಿ ಕಾಲಿಡಲಾಗದಷ್ಟು ತುಂಬಿರುತ್ತದೆ. ನನಗೆ ಕೇಳಿದರೆ ಈ ಫೆರಿಯನ್ನು ಸುತ್ತು ಮುಗಿಸಲು ಬಳಸಿ, ನೋಡಲು ಅಲ್ಲ.

ಇದರ ದಕ್ಷಿಣಕ್ಕಿರುವ ಇಂಗಲ್‌ಹೈಮ್–ಮಿಟ್ಟಲ್‌ಹೈಮ್ ಫೆರಿ ಕಣಿವೆಯ ಹೊರಗೇ ಉಳಿಯುತ್ತದೆ. ಅಗಲವಾದ ನೀರು, ತಗ್ಗಾದ ದಂಡೆ. ಎಬರ್‌ಬಾಖ್ ಮಠಕ್ಕೋ ಇಂಗಲ್‌ಹೈಮ್‌ನಲ್ಲಿರುವ, ಮಧ್ಯಯುಗದ ಸಾಮ್ರಾಟ ಶಾರ್ಲಮೇನ್‌ನ ಅರಮನೆಯ ಅವಶೇಷಕ್ಕೋ ಹೋಗುವವರಿಗೆ ಸರಿ. ಕೋಟೆ ಕಣಿವೆ ನೋಡಲು ಬಂದವರಿಗೆ ಬೇಡ.

ನೀಡರ್‌ಹೈಂಬಾಖ್–ಲೋರ್ಶ್: ಗದ್ದಲ ಬೇಡದವರಿಗೆ

ಜನ ಇದನ್ನು ಮರೆತೇಬಿಡುತ್ತಾರೆ. ಅದೇ ಇದರ ಗುಣ. ಬಾಖರಾಖ್‌ನ ಮರದ ಚೌಕಟ್ಟಿನ ಹಳೇ ಮನೆಗಳನ್ನು ನೋಡಿ, ಸುಮ್ನೆ ಸ್ವಲ್ಪ ದಕ್ಷಿಣಕ್ಕೆ ಬಂದರೆ ಸಾಕು. ಎರಡೂ ಕಡೆ ಸಣ್ಣ ಊರು, ಎರಡೂ ಕಡೆ ತಲೆ ಮೇಲೊಂದು ಕೋಟೆ.

ಬಲದಂಡೆಯ ಲೋರ್ಶ್‌ಗೆ ಒಂದು ವಿಚಿತ್ರ ಚರಿತ್ರೆ ಇದೆ. ಮೊದಲ ಮಹಾಯುದ್ಧದ ನಂತರ ಅಮೆರಿಕದವರು ಕೋಬ್ಲೆನ್ಜ್ ಸುತ್ತ, ಫ್ರೆಂಚರು ಮೈನ್ಜ್ ಸುತ್ತ ನಕ್ಷೆಯಲ್ಲಿ 30 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದು ಹಿಡಿದುಕೊಂಡರು. ಎರಡು ವೃತ್ತಗಳ ನಡುವೆ ಬಾಟಲಿ ಕುತ್ತಿಗೆಯ ಆಕಾರದ ಒಂದು ಚೂರು ಯಾರ ಕೈಗೂ ಸೇರದೆ ಉಳಿಯಿತು. ಲೋರ್ಶ್, ಕೌಬ್ ಎರಡೂ ಅದರೊಳಗೆ. 1919ರಿಂದ 1923ರವರೆಗೆ ಈ ಊರುಗಳು ಉಳಿದ ಜರ್ಮನಿಯಿಂದ ಹೆಚ್ಚುಕಡಿಮೆ ಕತ್ತರಿಸಿಹೋಗಿದ್ದವು. ಹಿಂದಿನ ಗುಡ್ಡ ಹತ್ತಿ ಇಳಿದರೆ ಮಾತ್ರ ದಾರಿ. ಸ್ವಂತ ತುರ್ತು ನೋಟನ್ನೂ ಅಚ್ಚು ಹಾಕಿಸಿಕೊಂಡರು. ನಡುವಿನ ನದಿ ಎಷ್ಟು ದೊಡ್ಡ ಗಡಿ ಆಗಬಲ್ಲದು ಎನ್ನುವುದು ಫೆರಿಗೆ ಕಾಯುವಾಗ ಅರ್ಥವಾಗುತ್ತದೆ.

ಕೌಬ್: ನೋಟಕ್ಕೆ ಇದೇ

ಒಂದೇ ಸಲ ದಾಟುವುದಾದರೆ ಎಲ್ಲಿ? ಕೌಬ್‌ನಲ್ಲಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇಲ್ಲಿ ನದಿಯ ನಡುವೆ, ಒಂದು ಬಂಡೆಯ ದ್ವೀಪದ ಮೇಲೆ, ಫಾಲ್ಸ್‌ಗ್ರಾಫನ್‌ಸ್ಟೈನ್ ಕೋಟೆ ನಿಂತಿದೆ. ಬಿಳಿ ಗೋಡೆ, ಕಪ್ಪು ಕಲ್ಲಿನ ಚಾವಣಿ, ಹಡಗಿನ ಮೂತಿಯಂತೆ ಪ್ರವಾಹಕ್ಕೆ ಎದುರಾಗಿ ಚೂಪಾದ ತುದಿ. ಆ ತುದಿ ಅಲಂಕಾರಕ್ಕಲ್ಲ. ನೀರಿನ ಹೊಡೆತ, ಚಳಿಗಾಲದಲ್ಲಿ ತೇಲಿ ಬರುತ್ತಿದ್ದ ಮಂಜುಗಡ್ಡೆ ಎರಡನ್ನೂ ಸೀಳಲು. 14ನೇ ಶತಮಾನದಲ್ಲಿ ಕಟ್ಟಿದ್ದು ಶುದ್ಧ ಸುಂಕದ ಕಟ್ಟೆ. ಹೋಗುವ ಹಡಗಿನಿಂದ ಹಣ ಕೀಳಲು ಹೊಳೆಯ ನಡುವೆಯೇ ಕೋಟೆ! 1860ರ ದಶಕದವರೆಗೂ ಇಲ್ಲಿ ಸುಂಕ ವಸೂಲಿ ನಡೆದಿತ್ತು. ಫೆರಿ ಇದರ ಹತ್ತಿರವೇ ದಾಟುತ್ತದೆ. ಮೇಲೆ ಬಲದಂಡೆಯ ಗುಡ್ಡದಲ್ಲಿ ಗುಟೆನ್‌ಫೆಲ್ಸ್ ಕೋಟೆ. ನೀರಿನ ಮೇಲಿಂದ ನೋಡಿದರೆ ಎರಡೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ.

ಇಲ್ಲೂ ಒಮ್ಮೆ ಸೇತುವೆ ಇತ್ತು, ಕೆಲ ದಿನಗಳ ಮಟ್ಟಿಗೆ. 1813ರ ಡಿಸೆಂಬರ್ 31ರ ರಾತ್ರಿ ಪ್ರಶ್ಯದ ಸೇನಾಪತಿ ಬ್ಲ್ಯೂಖರ್ ನೆಪೋಲಿಯನ್‌ನ ಬೆನ್ನಟ್ಟಿ ಇಲ್ಲಿಗೆ ಬಂದ. ದೋಣಿಗಳನ್ನು ಸಾಲಾಗಿ ಕಟ್ಟಿ, ಈ ದ್ವೀಪವನ್ನೇ ನಡುವಿನ ಆಸರೆ ಮಾಡಿಕೊಂಡು ಸೇನೆಯನ್ನು ದಾಟಿಸಿದ. ಕೌಬ್‌ನಲ್ಲಿ ಅವನ ಹೆಸರಿನ ವಸ್ತು ಸಂಗ್ರಹಾಲಯವಿದೆ.

ತೊಂದರೆಗಳೂ ಇವೆ. ಎಡದಂಡೆಯಲ್ಲಿ ಫೆರಿ ನಿಲ್ಲುವ ಕಡೆ ಊರಿಲ್ಲ, ಬಿ9 ರಸ್ತೆಯ ಅಂಚು ಅಷ್ಟೇ. ವೇಗವಾಗಿ ಬಂದರೆ ಬೋರ್ಡ್ ತಪ್ಪಿಹೋಗುತ್ತದೆ. ಫೆರಿ ಚಿಕ್ಕದು, ಸಂಜೆ ಬೇಗ ನಿಲ್ಲುತ್ತದೆ. ಕೋಟೆಯೊಳಗೆ ಹೋಗಬೇಕೆಂದರೆ ಕಾರು ಫೆರಿ ನೆರವಾಗುವುದಿಲ್ಲ. ಕಾರನ್ನು ಕೌಬ್‌ನಲ್ಲಿ ಬಿಟ್ಟು ಬೇರೆ ಪುಟ್ಟ ದೋಣಿ ಹತ್ತಬೇಕು. ಮಧ್ಯಾಹ್ನದ ಮೇಲೆ ಬಲದಂಡೆಗೆ ದಾಟುವುದಾದರೆ ಬಿಸಿಲು ನಿಮ್ಮ ಬೆನ್ನಿಗೆ, ಕೋಟೆ ಎದುರಿಗೆ ಇರುತ್ತದೆ.

ಸಾಂಕ್ಟ್ ಗೋಆರ್: ಲೊರೆಲೈ ಹೆಸರಿನ ಆಕರ್ಷಣೆ

ಕಣಿವೆಯ ನಟ್ಟನಡು. ಎಡಕ್ಕೆ ರೈನ್‌ಫೆಲ್ಸ್ ಕೋಟೆಯ ದೊಡ್ಡ ಪಾಳು, ಬಲಕ್ಕೆ ಕಾಟ್ಸ್ ಕೋಟೆ. ಕಾಟ್ಸ್ ಖಾಸಗಿ ಆಸ್ತಿ, ಒಳಗೆ ಬಿಡುವುದಿಲ್ಲ. ರೈನ್‌ಫೆಲ್ಸ್‌ನಲ್ಲಿ ಅರ್ಧ ದಿನ ಕಳೆಯಬಹುದು.

ಬಹಳ ಜನ ಇಲ್ಲಿ ದಾಟುವುದು ಲೊರೆಲೈ ಬಂಡೆಗಾಗಿ. ಹಾಡು ಹಾಡಿ ನಾವಿಕರನ್ನು ಮರುಳು ಮಾಡುತ್ತಿದ್ದಳು ಎಂಬ ದಂತಕಥೆಯ ಹೆಣ್ಣಿನ ಹೆಸರು ಅದು. ಬಂಡೆಯೆಂದರೆ ನೀರಿನಿಂದ 132 ಮೀಟರ್ ಎತ್ತರದ ಸ್ಲೇಟ್ ಕಲ್ಲಿನ ಗೋಡೆ, ಊರಿಗಿಂತ ಸ್ವಲ್ಪ ದಕ್ಷಿಣಕ್ಕೆ, ಬಲದಂಡೆಯಲ್ಲಿ. ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಬಂಡೆಯ ಮುಖ ನೋಡಬೇಕೇ? ಹಾಗಾದರೆ ದಾಟಬೇಡಿ, ಎದುರಿನ ಬಿ9ರಲ್ಲೇ ನಿಲ್ಲಿಸಿ. ಬಂಡೆಯ ನೆತ್ತಿಯಿಂದ ಕಣಿವೆ ನೋಡಬೇಕೇ? ಹಾಗಾದರೆ ದಾಟಿ, ಸಾಂಕ್ಟ್ ಗೋಆರ್ಸ್‌ಹೌಸನ್‌ನಿಂದ ಗುಡ್ಡದ ರಸ್ತೆ ಹಿಡಿಯಿರಿ. ದಾಟಿ ಬಿ42ರಲ್ಲಿ ಬಂಡೆಯ ಬುಡದಲ್ಲೇ ಹೋದವರಿಗೆ ಕಾಣುವುದು ತಲೆ ಮೇಲಿನ ಕಲ್ಲು ಮಾತ್ರ.

ಇಲ್ಲಿನ ನದಿ ನೋಡಲು ಚೆಂದ, ನಡೆಸಲು ಕಷ್ಟ. ಕಿರಿದು, ಆಳ, ಸಾಲು ತಿರುವು. ಒಂದು ಹಡಗಿಗೆ ತಿರುವಿನಾಚೆ ಏನು ಬರುತ್ತಿದೆ ಕಾಣುವುದಿಲ್ಲ. ಅದಕ್ಕೇ ಓಬರ್‌ವೇಜಲ್‌ನಿಂದ ಸಾಂಕ್ಟ್ ಗೋಆರ್‌ವರೆಗೆ ದಂಡೆಯ ಮೇಲೆ ಹಡಗುಗಳಿಗೆ ದೀಪದ ಸಿಗ್ನಲ್ ಇದೆ. 2011ರ ಜನವರಿಯಲ್ಲಿ ಸುಮಾರು 2,400 ಟನ್ ಗಂಧಕಾಮ್ಲ ತುಂಬಿದ್ದ ಟ್ಯಾಂಕರ್ ಒಂದು ಲೊರೆಲೈ ಹತ್ತಿರ ಮಗುಚಿತು. ಇಬ್ಬರು ಸಿಬ್ಬಂದಿ ತೀರಿಕೊಂಡರು, ಹಡಗು ಸಂಚಾರ ವಾರಗಟ್ಟಲೆ ಅಸ್ತವ್ಯಸ್ತವಾಯಿತು.

ಬೊಪ್ಪಾರ್ಡ್–ಫಿಲ್ಸೆನ್: ಉತ್ತರದ ತುದಿ

ಬೊಪ್ಪಾರ್ಡ್ ದಾಟುತ್ತಲೇ ರೈನ್ ದೊಡ್ಡದಾಗಿ ಬಳುಕುತ್ತದೆ. ಫಿಲ್ಸೆನ್ ಆ ಬಳುಕಿನ ಒಳಮೈಯಲ್ಲಿದೆ, ದ್ರಾಕ್ಷಿಯ ಕಡಿದಾದ ಇಳಿಜಾರು ಹೊರಮೈಯಲ್ಲಿ. ಬೊಪ್ಪಾರ್ಡ್‌ನಿಂದ ಚೇರ್‌ಲಿಫ್ಟ್‌ನಲ್ಲಿ ಮೇಲೆ ಹೋದರೆ ಇಡೀ ತಿರುವು ಒಂದೇ ನೋಟಕ್ಕೆ ಸಿಗುತ್ತದೆ. ಊರೊಳಗೆ ರೋಮನ್ ಕಾಲದ ಕೋಟೆ ಗೋಡೆ ಇನ್ನೂ ನಿಂತಿದೆ.

ಮಕ್ಕಳಿದ್ದರೆ ಈ ಫೆರಿ ಹಿಡಿಯಿರಿ. ದಾಟಿ ಉತ್ತರಕ್ಕೆ ತಿರುಗಿದರೆ ಬ್ರೌಬಾಖ್, ಅದರ ಮೇಲೆ ಮಾರ್ಕ್ಸ್‌ಬುರ್ಗ್. ಈ ಕಣಿವೆಯ ಗುಡ್ಡದ ಕೋಟೆಗಳಲ್ಲಿ ಎಂದೂ ನೆಲಸಮವಾಗದೆ ಉಳಿದದ್ದು ಇದೊಂದೇ. ಉಳಿದವುಗಳಲ್ಲಿ ಬಹಳಷ್ಟು 19ನೇ ಶತಮಾನದಲ್ಲಿ ಶ್ರೀಮಂತರು ತಮ್ಮ ಕಲ್ಪನೆಯಂತೆ ಮತ್ತೆ ಕಟ್ಟಿಸಿದ್ದು. ಮಾರ್ಕ್ಸ್‌ಬುರ್ಗ್‌ನ ಅಡುಗೆಮನೆ, ಕುದುರೆ ಲಾಯ, ಕಲ್ಲಿನ ಮೆಟ್ಟಿಲು ನೋಡಿದರೆ ಆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ದೂರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಿಂಗೆನ್‌ನಿಂದ ಬೊಪ್ಪಾರ್ಡ್‌ಗೆ ನದಿಯ ಗುಂಟ ಸುಮಾರು 40 ಕಿಲೋಮೀಟರ್. ಬಿಂಗೆನ್‌ನಿಂದ ಸಾಂಕ್ಟ್ ಗೋಆರ್‌ಗೆ ಸುಮಾರು 26. ಒಂದು ದಿನ ಪೂರ್ತಿ ಇದ್ದರೆ ಬೊಪ್ಪಾರ್ಡ್‌ವರೆಗಿನ ಸುತ್ತು. ಅರ್ಧ ದಿನವಾದರೆ ಕೌಬ್‌ನಲ್ಲೇ ದಾಟಿ ತಿರುಗಿ. ದಂಡೆಯುದ್ದಕ್ಕೂ ದೊಡ್ಡ ಅಂಕಿಯ ಫಲಕಗಳು ಕಾಣುತ್ತವೆ. ಅದು ಕಾನ್‌ಸ್ಟಾನ್ಸ್ ಊರಿನ ಹಳೇ ಸೇತುವೆಯಿಂದ ಎಣಿಸಿದ ಕಿಲೋಮೀಟರ್. 554 ಕಂಡರೆ ಲೊರೆಲೈ, 546 ಅಂದರೆ ಕೌಬ್.

ಫೆರಿಯ ಮೇಲೆ

ಸಿಗಂದೂರು ಲಾಂಚ್‌ನಲ್ಲಿ ಶರಾವತಿ ಹಿನ್ನೀರು ದಾಟಿದವರಿಗೆ ಹತ್ತಿಸುವ, ಇಳಿಸುವ ಕ್ರಮ ಹೊಸದೇನಲ್ಲ. ಆದರೆ ಅಲ್ಲಿ ನಿಂತ ನೀರು. ಇಲ್ಲಿ ಹರಿಯುವ ನೀರು, ಜೊತೆಗೆ ಅಡ್ಡ ಬರುವ ನೂರು ಮೀಟರ್ ಉದ್ದದ ಸರಕು ಹಡಗುಗಳು. ಬೇರೆ ಹಡಗು ತಟ್ಟನೆ ವೇಗ ಅಥವಾ ದಿಕ್ಕು ಬದಲಿಸಬೇಕಾಗುವಂತೆ ಫೆರಿ ದಾಟುವ ಹಾಗಿಲ್ಲ ಎನ್ನುವುದು ಇಲ್ಲಿನ ನಿಯಮ. ಹಾಗಾಗಿ ಕಾರು ತುಂಬಿದರೂ ಫೆರಿ ಹೊರಡದಿದ್ದರೆ ಗೊಣಗಬೇಡಿ. ಮೇಲಿನಿಂದ ಯಾವುದೋ ಹಡಗು ಇಳಿದು ಬರುತ್ತಿರುತ್ತದೆ. ಪ್ರವಾಹದ ಜೊತೆ ಬರುವ ಹಡಗು ಬೇಗ ನಿಲ್ಲಲಾರದು.

ಕೆಲವು ಹಡಗುಗಳ ಬಲಬದಿಯಲ್ಲಿ ನೀಲಿ ಫಲಕ, ಮಧ್ಯೆ ಮಿನುಗುವ ಬಿಳಿ ದೀಪ ಕಾಣುತ್ತದೆ. ಎದುರಾಗುವ ಹಡಗಿಗೆ 'ನನ್ನ ಬಲಕ್ಕೆ ಬಲ ಕೊಟ್ಟು ಹೋಗು' ಎಂಬ ಸೂಚನೆ ಅದು. ಮಕ್ಕಳಿಗೆ ಇದನ್ನು ಹೇಳಿಕೊಡಿ, ಕಾಯುವ ಹೊತ್ತು ಹಾಗೇ ಕಳೆಯುತ್ತದೆ.

ಮುಂಗಡ ಬುಕಿಂಗ್ ಇಲ್ಲ. ಸಾಲಿನಲ್ಲಿ ನಿಂತು, ಕೈ ತೋರಿಸಿದಾಗ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿ. ಸಿಬ್ಬಂದಿ ಕಾರಿನ ಹತ್ತಿರವೇ ಬಂದು ಹಣ ತೆಗೆದುಕೊಳ್ಳುತ್ತಾರೆ. ಚಿಲ್ಲರೆ ಯೂರೋ ಇಟ್ಟುಕೊಂಡಿರಿ, ಕಾರ್ಡ್ ನಂಬಿ ಹೋಗಬೇಡಿ. ಕಾರಿಗೊಂದು ದರ, ಒಳಗಿನ ಜನಕ್ಕೆ ಬೇರೆ ದರ ಇರುತ್ತದೆ. ಕೆಳಗಿಳಿದು ಅಂಚಿನಲ್ಲಿ ನಿಲ್ಲಬಹುದು. ಕಾರಿನೊಳಗೇ ಕೂತು ದಾಟಿದರೆ ಏನು ಬಂತು, ಅಲ್ವಾ?

ನೀರು ಜಾಸ್ತಿಯಾದರೆ, ಕಡಿಮೆಯಾದರೆ

ಇಡೀ ರೈನ್ ಸಂಚಾರ ಕೌಬ್‌ನಲ್ಲಿ ನೀರಿನ ಮಟ್ಟ ತೋರಿಸುವ ಅಳತೆಗೋಲನ್ನು ನೋಡುತ್ತದೆ. ಯಾಕೆಂದರೆ ಈ ಭಾಗದಲ್ಲಿ ಹಡಗಿಗೆ ಆಳ ಕಡಿಮೆ ಇರುವ ಜಾಗ ಇದು. ಇಲ್ಲಿ 6.40 ಮೀಟರ್ ಮುಟ್ಟಿದರೆ ಹಡಗು ಸಂಚಾರ ನಿಲ್ಲುತ್ತದೆ. ಫೆರಿಯ ಕಟ್ಟೆ ಮುಳುಗಿದರೆ ಅದಕ್ಕೂ ಮುಂಚೆಯೇ ಫೆರಿ ನಿಲ್ಲಬಹುದು. ಚಳಿಗಾಲದ ಕೊನೆಯಲ್ಲಿ ಇದು ಅಪರೂಪವಲ್ಲ.

ಉಲ್ಟಾ ಕಥೆಯೂ ಇದೆ. 2018ರ ಅಕ್ಟೋಬರ್‌ನಲ್ಲಿ ಕೌಬ್ ಅಳತೆ 25 ಸೆಂಟಿಮೀಟರಿಗೆ ಇಳಿದು ದಾಖಲೆಯಾಯಿತು. 25 ಸೆಂಟಿಮೀಟರ್ ಅಂದರೆ ನದಿಯನ್ನು ನಡೆದು ದಾಟಬಹುದು ಎಂದಲ್ಲ. ಅಳತೆಯ ಸೊನ್ನೆ ನದಿಯ ತಳದಲ್ಲಿಲ್ಲ. ಹಡಗಿನ ಹಾದಿಯಲ್ಲಿ ಅದಕ್ಕಿಂತ ಒಂದು ಮೀಟರಿಗೂ ಜಾಸ್ತಿ ನೀರು ಇರುತ್ತದೆ. ನಿಮಗೆ ಮುಖ್ಯವಾಗುವುದು ಬೇರೆ. ನೀರು ತಗ್ಗಿದಾಗ ಫೆರಿಗೆ ಇಳಿಯುವ ಇಳಿಜಾರು ಕಡಿದಾಗುತ್ತದೆ. ತಗ್ಗಾದ ಕಾರು, ಹಿಂದೆ ಸೈಕಲ್ ಕಟ್ಟಿದ ಕಾರು, ಉದ್ದ ಬಾಲದ ಕ್ಯಾಂಪರ್ ಇದ್ದರೆ ತಳ ಉಜ್ಜುತ್ತದೆ. ನಿಧಾನವಾಗಿ ಇಳಿಸಿ, ಅನುಮಾನವಿದ್ದರೆ ಸಿಬ್ಬಂದಿಯನ್ನು ಕೇಳಿ.

ಫೆರಿಯೇ ಬೇಡ ಅನಿಸಿದರೆ

ಗಂಟೆಗಟ್ಟಲೆ ನೀರಿನ ಮೇಲೆ ಕೂತು ಕಣಿವೆ ನೋಡಬೇಕೆಂಬ ಆಸೆ ಇದ್ದರೆ ಕಾರು ಫೆರಿ ಅದಕ್ಕಲ್ಲ. ಕಾರನ್ನು ದಂಡೆಯಲ್ಲಿ ಬಿಟ್ಟು ಪ್ರವಾಸಿ ಹಡಗು ಹತ್ತಿ. ಹಡಗಿನಲ್ಲಿ ಹೋಗಿ ರೈಲಿನಲ್ಲಿ ವಾಪಸ್ ಬರುವುದು ಜಾಣತನ. ಪ್ರವಾಹದ ಕಡೆಗೆ, ಅಂದರೆ ಉತ್ತರಕ್ಕೆ ಹೋದರೆ ಬೇಗ ಮುಗಿಯುತ್ತದೆ. ಎದುರು ಹೋದರೆ ಅದೇ ದುಡ್ಡಿಗೆ ಜಾಸ್ತಿ ಹೊತ್ತು ನೋಡಬಹುದು. ಸುತ್ತು ಹಾಕಿ ಸೇತುವೆ ಹಿಡಿಯುವುದು ರಾತ್ರಿಗೆ ಸರಿ, ಹಗಲಿಗೆ ದಂಡ.

ರಾತ್ರಿ ಉಳಿಯುವವರಿಗೊಂದು ಮಾತು. ಬಲದಂಡೆಯ ಹಳಿಯಲ್ಲಿ ಗೂಡ್ಸ್ ರೈಲು ರಾತ್ರಿಯಿಡೀ ಓಡುತ್ತದೆ. ನಿದ್ದೆ ಸೂಕ್ಷ್ಮವಾಗಿದ್ದರೆ ಎಡದಂಡೆಯಲ್ಲಿ, ಅದೂ ಹಳಿಯಿಂದ ದೂರದ ರೂಮು ನೋಡಿ. ಊಟಕ್ಕೆ ಆಚೆ ದಂಡೆಗೆ ಹೋಗುವ ಮುಂಚೆ ಕಟ್ಟೆಯ ಮೇಲಿನ ಫಲಕದಲ್ಲಿ ಕೊನೆಯ ಫೆರಿಯ ಹೊತ್ತು ಓದಿಕೊಳ್ಳಿ. ಬೇಸಿಗೆಗೊಂದು, ಚಳಿಗಾಲಕ್ಕೊಂದು ವೇಳೆ ಇರುತ್ತದೆ. ಭಾನುವಾರ ಬೆಳಿಗ್ಗೆ ತಡವಾಗಿ ಶುರುವಾಗುತ್ತದೆ. ಜಿಪಿಎಸ್ ಈ ವೇಳೆಯನ್ನೆಲ್ಲ ನೋಡುತ್ತದೆ ಎಂಬ ಭರವಸೆ ಇಲ್ಲ, ಮುಚ್ಚಿದ ಕಟ್ಟೆಗೂ ಕರೆದುಕೊಂಡು ಹೋಗಬಹುದು. 'ಫೆರಿ ಬೇಡ' ಎಂಬ ಆಯ್ಕೆ ಮೊದಲೇ ಆನ್ ಆಗಿದ್ದರೆ ಎದುರಿನ ಊರಿಗೆ ಹೋಗಲು ಕೋಬ್ಲೆನ್ಜ್ ಅಥವಾ ವೀಸ್‌ಬಾಡನ್ ಸುತ್ತಿಸುತ್ತದೆ. ಕೌಬ್ ಅಥವಾ ಲೋರ್ಶ್‌ನಲ್ಲಿ ಕೊನೆಯ ಫೆರಿ ತಪ್ಪಿದರೆ ಅಲ್ಲೇ ಕಾಯಬೇಡಿ, ಬಿ42ರಲ್ಲಿ ರೂಡೆಸ್‌ಹೈಮ್‌ಗೆ ಬನ್ನಿ. ಅಲ್ಲೂ ತಪ್ಪಿದರೆ ಇನ್ನೂ ಮುಂದೆ ವೀಸ್‌ಬಾಡನ್ ಹತ್ತಿರದ ಶೀರ್‌ಸ್ಟೈನ್ ಸೇತುವೆ ಇದೆ.